ಮೊದಲು ನೋಡುವವರು

“ಮುಂದಿನ ಸಲ ಪಾಪುನ ಎಲ್ಲಾರಿಗಿಂತ ಮೊದ್ಲು ನೋಡೋದು ನೀನೇ, ಆಯ್ತಾ?” ಎಂದು ಪುಟ್ಟಯ್ಯ ತನ್ನ ನಾಲ್ಕು ವರ್ಷದ ಮಗಳು ಮೈತ್ರಿಗೆ ಮಾತು ಕೊಟ್ಟದ್ದು 1976ರಲ್ಲಿ, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಹಿತ್ತಿಲಲ್ಲಿ, ಅವಳನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ. ತಮ್ಮ ಸಿದ್ದು ಹುಟ್ಟಿ ಹನ್ನೊಂದು ದಿನವಾಗಿತ್ತು. ಪುರುಡು ಕಳೆಯಲಿ ಎಂದು ಅಜ್ಜಿ, ನೆಗಡಿ ಹೋಗಲಿ ಎಂದು ಅತ್ತೆ, ಅವಳನ್ನು ಕೋಣೆಯ ಹತ್ತಿರಕ್ಕೇ ಬಿಟ್ಟಿರಲಿಲ್ಲ. ಇಡೀ ಬೀದಿ ಬಂದು ಕೂಸನ್ನು ನೋಡಿ, ಸಕ್ಕರೆ ತಿಂದು ಹೋದ ಮೇಲೆ ಅವಳ ಸರದಿ ಬಂದಿತ್ತು. ಮೈತ್ರಿ ಅಳಲಿಲ್ಲ. ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ಪುಟ್ಟಯ್ಯ ಹೆದರಿ ಕೊಟ್ಟ ಮಾತು ಅದು.

ಆ ಮುಂದಿನ ಸಲ ಬರಲಿಲ್ಲ. ಎರಡು ಮಕ್ಕಳು ಸಾಕೆಂದು ಜಲಜಮ್ಮ ಆಪರೇಷನ್ ಮಾಡಿಸಿಕೊಂಡಳು. ಮಾತು ತಾನಾಗಿಯೇ ರದ್ದಾಯಿತೆಂದು ಪುಟ್ಟಯ್ಯ ನಿರಾಳವಾದ. ಇಪ್ಪತ್ತಮೂರು ವರ್ಷ ನಿರಾಳವಾಗಿಯೇ ಇದ್ದ. ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ರಿಟೈರ್ ಆದ, ಹೊಸಮನೆಯಲ್ಲಿ ಸಣ್ಣದೊಂದು ಮನೆ ಕಟ್ಟಿದ, ಮಗಳನ್ನು ಶಿವಮೊಗ್ಗಕ್ಕೆ ಕೊಟ್ಟು ಮದುವೆ ಮಾಡಿದ. ಎರಡನೇ ಹೆರಿಗೆಗೆ ಇನ್ನು ಹತ್ತು ದಿನವಿದೆ ಎನ್ನುವಾಗ ಆ ಮಗಳು ಎರಡೂವರೆ ವರ್ಷದ ಇಂಪನಾಳನ್ನೂ ಬಟ್ಟೆಯ ಬ್ಯಾಗನ್ನೂ ತಂದು ಅಪ್ಪನ ಜಗಲಿಯ ಮೇಲೆ ಇಳಿಸಿದಳು.

“ನಂಗೆ ಕೊಟ್ಟ ಮಾತು ನೆನಪಿದೆಯಾ ಅಪ್ಪ?”

“ಯಾವ್ದು?”

“ನೆನಪಿದೆ ನಿಂಗೆ, ಮುಖ ನೋಡಿದ್ರೆ ಗೊತ್ತಾಗುತ್ತೆ. ನನ್ನ ಬದ್ಲು ಇವಳು ನೋಡ್ತಾಳೆ. ಡಾಕ್ಟ್ರು, ನರ್ಸು, ನಾನು ಲೆಕ್ಕಕ್ಕಿಲ್ಲ. ಆಮೇಲೆ ಮೊದ್ಲು ನೋಡೋದು ಇಂಪನಾ. ನಮ್ಮತ್ತೆ ಅಲ್ಲ, ಇವಳಪ್ಪ ಅಲ್ಲ, ನೀನೂ ಅಲ್ಲ.”

ಅತ್ತೆಯ ಹೆಸರು ಬಂದದ್ದಕ್ಕೆ ಕಾರಣವಿತ್ತು. ಹೊಳಲೂರಿನ ದುರ್ಗಮ್ಮ ಆಸ್ಪತ್ರೆಯಲ್ಲಿ ಸೊಸೆಯ ಜೊತೆಗಿರಲು ಆಗಲೇ ಶಿವಮೊಗ್ಗಕ್ಕೆ ಬಂದಿದ್ದಳು. ಹುಟ್ಟಿದ ಕೂಸಿನ ಮುಖವನ್ನು ಮನೆಯವರಲ್ಲಿ ಯಾರು ಮೊದಲು ನೋಡುತ್ತಾರೋ ಕೂಸಿಗೆ ಅವರ ಗುಣ ಬರುತ್ತದೆ ಎಂಬುದು ಅವಳ ಕಡೆಯ ನಂಬಿಕೆ. ಈ ಸಲ ತನ್ನ ಗುಣವೇ ಬರಲಿ ಎಂದು ಅವಳು ಹೊಸ ಕನ್ನಡಕವನ್ನೂ ಮಾಡಿಸಿಕೊಂಡಿದ್ದಳು.

ಮೈತ್ರಿ ಹೋದ ಮೇಲೆ ಪುಟ್ಟಯ್ಯ ಹಳೇ ಕ್ಯಾಲೆಂಡರಿನ ಬೆನ್ನಿಗೆ ಡ್ಯೂಟಿ ಪಟ್ಟಿ ಬರೆದು ಗೋಡೆಗೆ ಅಂಟಿಸಿದ. ಎ ಶಿಫ್ಟ್, ಬೆಳಿಗ್ಗೆ ಆರರಿಂದ ಎರಡು, ಅಜ್ಜ. ಬಿ ಶಿಫ್ಟ್, ಎರಡರಿಂದ ರಾತ್ರಿ ಹತ್ತು, ಅಜ್ಜಿ. ಸಿ ಶಿಫ್ಟ್, ಮಗು ನಿದ್ದೆ.

ಜಲಜಮ್ಮ ಕನ್ನಡಕ ಏರಿಸಿ ಓದಿದಳು. “ಅಡುಗೆ ಯಾವ ಶಿಫ್ಟು?”

“ಅದು ಜನರಲ್.”

“ಜನರಲ್ ಯಾರ್ದು?”

ಪುಟ್ಟಯ್ಯ ಪೆನ್ನಿನ ಮುಚ್ಚಳ ಹುಡುಕತೊಡಗಿದ.

“ನೀವು ರಿಟೈರ್ ಆದ್ರಿ, ಹಾರ ಹಾಕಿಸ್ಕೊಂಡ್ರಿ, ಕುಕ್ಕರ್ ತಂದ್ರಿ. ಆ ಕುಕ್ಕರ್ ಯಾರ ಕೈಗೆ ಕೊಟ್ರಿ ಹೇಳಿ ನೋಡಣ,” ಎಂದು ಜಲಜಮ್ಮ ಒಳಗೆ ಹೋದಳು.

ಸಿ ಶಿಫ್ಟ್ ಮೊದಲ ರಾತ್ರಿಯೇ ಕುಸಿಯಿತು. ಇಂಪನಾ ಹನ್ನೆರಡಕ್ಕೆ ಎದ್ದು ನೀರು ಕೇಳಿದಳು, ಒಂದಕ್ಕೆ ಎದ್ದು ಅಮ್ಮನನ್ನು ಕೇಳಿದಳು, ಮೂರಕ್ಕೆ ಎದ್ದು ಏನನ್ನೂ ಕೇಳದೆ ಅಜ್ಜನ ಹೊಟ್ಟೆಯ ಮೇಲೆ ಕೂತಳು. ಹಗಲು ಹೊತ್ತು ಇಬ್ಬರೂ ಗೋಡೆಗೆ ಒರಗಿದಲ್ಲೇ ತೂಕಡಿಸುವ ಹಾಗಾಯಿತು. ಆದರೂ ಮಧ್ಯಾಹ್ನ ಎರಡಕ್ಕೆ ಪುಟ್ಟಯ್ಯ ನಿಯಮ ಬಿಡದೆ ಚಾರ್ಜು ಒಪ್ಪಿಸುತ್ತಿದ್ದ.

“ಎರಡು ಇಡ್ಲಿ, ಅರ್ಧ ಬಾಳೆಹಣ್ಣು, ಒಂದು ಗುಂಡಿ.”

“ಗುಂಡಿನಾ?”

“ನನ್ನ ಶರ್ಟಲ್ಲಿ ಒಂದು ಕಮ್ಮಿ ಇದೆ. ನುಂಗಿರ್ಬೇಕು. ನಿನ್ನ ಶಿಫ್ಟಲ್ಲಿ ಹೊರಗೆ ಬರುತ್ತೆ, ನೋಡ್ಕೋ.”

ಬಿ ಶಿಫ್ಟಿನಲ್ಲಿ ಬರಲಿಲ್ಲ. ಮಾರನೇ ದಿನ ಎ ಶಿಫ್ಟಿನಲ್ಲೂ ಬರಲಿಲ್ಲ. ಸಂಜೆ ಗುಂಡಿ ಸೋಫಾದ ಸಂದಿಯಲ್ಲಿ ಸಿಕ್ಕಿತು. ಅಷ್ಟರಲ್ಲಿ ಜಲಜಮ್ಮ ಮೂರು ಬಾಳೆಹಣ್ಣು ತಿನ್ನಿಸಿದ್ದಳು. ಅದರ ಪರಿಣಾಮ ಅನುಭವಿಸಿದ್ದು ಪುಟ್ಟಯ್ಯನ ಶಿಫ್ಟು.

ಇದರ ನಡುವೆ ತಾಲೀಮೂ ನಡೆಯಿತು. ಕೂಸನ್ನು ತೋರಿಸಿದಾಗ ಮಗು ಬೇರೆಲ್ಲೋ ನೋಡಿಬಿಟ್ಟರೆ ಏನು ಮಾಡುವುದು ಎಂಬುದು ಪುಟ್ಟಯ್ಯನ ಚಿಂತೆ. ಆ ಗಳಿಗೆಯಲ್ಲಿ ದುರ್ಗಮ್ಮ ನುಗ್ಗಿದರೆ ಮುಗಿಯಿತು. ಒಂದು ಸೋರೆಕಾಯಿಯನ್ನು ಟವೆಲಿನಲ್ಲಿ ಸುತ್ತಿ, ತುದಿ ಮಾತ್ರ ಹೊರಗಿಟ್ಟು, ಇಂಪನಾಳ ಮುಂದೆ ಹಿಡಿದ.

“ಯಾರಿದು?”

“ಸೋರೆಕಾಯಿ.”

“ಅಲ್ಲ ಪುಟ್ಟಿ. ಪಾಪು ಅನ್ನು. ಪಾಪು.”

“ಸೋರೆಕಾಯಿ,” ಎಂದು ಇಂಪನಾ ತಾಳ್ಮೆಯಿಂದ ತಿದ್ದಿದಳು.

ಹೀಗೆ ನಾಲ್ಕು ದಿನ. ಐದನೆಯ ದಿನ ಮನೆಯಲ್ಲಿ ಬೇರೆ ತರಕಾರಿ ಇರಲಿಲ್ಲವೆಂದು ಜಲಜಮ್ಮ ಅದನ್ನು ಹುಳಿ ಮಾಡಿದಳು. ತಟ್ಟೆಯಲ್ಲಿ ಹೋಳು ಕಂಡದ್ದೇ ಇಂಪನಾ ಬೆರಳಿಟ್ಟು ತೋರಿಸಿ, ಸ್ಪಷ್ಟವಾಗಿ, “ಪಾಪು” ಎಂದಳು. ಆ ದಿನ ಯಾರೂ ಹುಳಿ ಮುಟ್ಟಲಿಲ್ಲ. ಮೂವರೂ ಮಜ್ಜಿಗೆ ಅನ್ನ ತಿಂದು ಎದ್ದರು.

ಡಾಕ್ಟರು ಶುಕ್ರವಾರ ಎಂದಿದ್ದರು. ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆಗೆ ಪಕ್ಕದ ಮನೆಯ ವಿಮಲಮ್ಮ ಕಾಂಪೌಂಡಿನ ಮೇಲಿಂದ ಕೂಗಿದಳು, ಫೋನು ಬಂದಿದೆ ಎಂದು. ಆ ಕಡೆ ಅಳಿಯ ಪರಮೇಶ್. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ನಡೆಸುವ, ದಿನಕ್ಕೆ ಹತ್ತು ಮಾತಾಡುವ ಮನುಷ್ಯ, ಇವತ್ತು ಒಂದೇ ಉಸಿರಿಗೆ ಮಾತಾಡಿದ.

“ಆಯ್ತು ಮಾವ. ಹತ್ತೂಕಾಲಿಗೆ. ಇಬ್ರೂ ಚೆನ್ನಾಗಿದಾರೆ. ಬೇಗ ಬನ್ನಿ.”

“ಗಂಡೋ ಹೆಣ್ಣೋ?”

“ಗೊತ್ತಿಲ್ಲ. ನರ್ಸ್ ಹೇಳೋಕೆ ಬಂದ್ರು, ಕಿವಿ ಮುಚ್ಕೊಂಡೆ. ಅದನ್ನೂ ಮೊದ್ಲು ಕೇಳ್ಬಾರ್ದು ಅಂದಿದಾಳೆ ಮೈತ್ರಿ. ಮಗುನ ಒಳಗೇ ಇಟ್ಕೊಂಡಿದಾರೆ. ಆದ್ರೆ ಅಮ್ಮನ್ನ ತಡೆಯೋಕೆ ಆಗ್ತಿಲ್ಲ ಮಾವ. ಎರಡು ಸಲ ಬಾಗ್ಲವರೆಗೆ ಹೋಗ್ಬಂದ್ರು.”

ಇಂಪನಾಳಿಗೆ ಹೊಸ ಫ್ರಾಕು ಹಾಕಲು ಹತ್ತು ನಿಮಿಷ, ತಾನೇ ಹಾಕಿಕೊಳ್ಳುತ್ತೇನೆಂದು ಅವಳು ಅದನ್ನು ಬಿಚ್ಚಲು ಎರಡು ನಿಮಿಷ, ಮತ್ತೆ ಹಾಕಲು ಇಪ್ಪತ್ತು ನಿಮಿಷ ಹಿಡಿಯಿತು. ಖಾಸಗಿ ಬಸ್ಸು ಹತ್ತಿದಾಗ ಹನ್ನೆರಡೂವರೆ. ಹಿಂದಿನ ರಾತ್ರಿಯೂ ಸಿ ಶಿಫ್ಟ್ ಇದ್ದೇ ಇತ್ತು. ಬಸ್ಸು ಭದ್ರಾ ಸೇತುವೆ ದಾಟುವಷ್ಟರಲ್ಲಿ ಇಂಪನಾಳ ರೆಪ್ಪೆಗಳು ಜೋತುಬಿದ್ದವು.

“ಮಲಗಿಸ್ಬೇಡಿ,” ಎಂದಳು ಜಲಜಮ್ಮ. “ಮಲಗಿದ್ರೆ ಎರಡು ಗಂಟೆ ಏಳಲ್ಲ ಅದು.”

ಪುಟ್ಟಯ್ಯ ಕೆನ್ನೆ ತಟ್ಟಿದ, ಕಿಟಕಿ ತೆರೆದ, ಎಮ್ಮೆ ತೋರಿಸಿದ. ಪಕ್ಕದ ಸೀಟಿನಲ್ಲಿ ಮಲ್ಲಿಗೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಪೇಪರ್‌ಟೌನಿನ ತಮಿಳು ಹೂವಿನವಳಿಗೆ ಇದು ಸರಿಬರಲಿಲ್ಲ. “ಐಯೋ ತಾತಾ, ಕೊಳಂದೆ ಪಾವಂ. ಪಾಪ ಮಗು, ನಿದ್ದೆ ಮಾಡ್ಲಿ ಬಿಡಿ. ಯಾಕೆ ಹಿಂಸೆ ಕೊಡ್ತೀರಾ?”

ಪುಟ್ಟಯ್ಯ ವಿಷಯ ಹೇಳಬೇಕಾಯಿತು. ಹಿಂದಿನ ಸೀಟಿನವರು ಕೇಳಿಸಿಕೊಂಡು ಮುಂದಿನವರಿಗೆ ಹೇಳಿದರು. ಎರಡು ಸ್ಟಾಪಿನೊಳಗೆ ಇಡೀ ಬಸ್ಸಿಗೆ ಇಂಪನಾ ಎಚ್ಚರವಾಗಿರಬೇಕಾದ ಅಗತ್ಯ ಮನದಟ್ಟಾಯಿತು. ಒಬ್ಬರು ಬೀಗದ ಕೈ ಗೊಂಚಲು ಆಡಿಸಿದರು. ಒಬ್ಬರು ಬೆಕ್ಕಿನ ದನಿ ಮಾಡಿದರು. ಹೂವಿನವಳು ಒದ್ದೆ ಕೈಯಿಂದ ಪಾದಕ್ಕೆ ನೀರು ಹಚ್ಚಿದಳು. ಕೊನೆಗೆ ಕಂಡಕ್ಟರ್, “ಸರೀರಿ, ನಾನು ಎಬ್ಬಿಸ್ತೀನಿ,” ಎಂದು ಬಂದು ಮಗುವಿನ ಕಿವಿಯ ಹತ್ತಿರ ಜೋರಾಗಿ ಸೀಟಿ ಊದಿದ.

ಡ್ರೈವರ್ ಬಸ್ಸು ನಿಲ್ಲಿಸಿದ. ಮಾಚೇನಹಳ್ಳಿಯ ಯಾವುದೋ ಗೋಡೌನಿನ ಮುಂದೆ, ಹತ್ತುವವರಿಲ್ಲ, ಇಳಿಯುವವರಿಲ್ಲ.

“ಯಾರಯ್ಯಾ ಇಳಿಯೋದು?”

“ಯಾರೂ ಇಲ್ಲ, ಮಗು ಎಬ್ಬಿಸ್ತಿದೀನಿ, ರೈಟ್ ರೈಟ್.”

“ನಿಂಗೆ ಮಗು ಎಬ್ಬಿಸೋಕೆ ಸಂಬಳ ಕೊಡ್ತಾರಾ ಮಾರಾಯ?” ಎಂದು ಡ್ರೈವರ್ ಗೇರು ಹಾಕಿದ. ಬಸ್ಸು ಕುಲುಕಿ ಹೊರಟಿತು. ಆ ಕುಲುಕಿಗೆ ಇಂಪನಾ ಅಜ್ಜನ ಭುಜದ ಮೇಲೆ ಬಾಯಿ ತೆರೆದು ಪೂರ್ತಿ ನಿದ್ದೆಗೆ ಇಳಿದಳು.

ದುರ್ಗಿಗುಡಿಯ ಸಣ್ಣ ನರ್ಸಿಂಗ್ ಹೋಮಿನ ಮೊದಲನೇ ಮಹಡಿಗೆ ಅವರು ಹತ್ತಿದಾಗ ಗಂಟೆ ಎರಡಕ್ಕೆ ಹತ್ತು ನಿಮಿಷವಿತ್ತು. ಪರಮೇಶ್ ಬೆಂಚಿನ ಮೇಲೆ ತಲೆತಗ್ಗಿಸಿ ನೆಲವನ್ನೇ ನೋಡುತ್ತ ಕೂತಿದ್ದ, ಅಕಸ್ಮಾತ್ ಬಾಗಿಲು ತೆರೆದರೂ ಏನೂ ಕಾಣದಿರಲೆಂದು. ಅವನ ಒಂದು ಕೈ ತಾಯಿಯ ಸೆರಗಿನ ತುದಿಯನ್ನು ಗಟ್ಟಿಯಾಗಿ ಹಿಡಿದಿತ್ತು.

“ಬಂದ್ರಾ ಬೀಗ್ರು,” ಎಂದಳು ದುರ್ಗಮ್ಮ. “ನನ್ನ ಮೊಮ್ಮಗು ಮುಖ ನೋಡಕ್ಕೆ ನಾನು ರೇಶನ್ ಅಂಗಡೀಲಿ ನಿಂತಂಗೆ ನಿಲ್ಬೇಕು. ಮೂರೂವರೆ ಗಂಟೆ ಹೊತ್ತಾಯ್ತು. ಎಲ್ಲಿ, ನಿಮ್ಮ ಮಹಾರಾಣಿ?” ಆಮೇಲೆ ಅವಳು ಮಹಾರಾಣಿಯನ್ನು ಕಂಡಳು. ಮುಖ ಅರಳಿತು. “ಮಲಗೈತೆ.”

“ಈಗ ಏಳ್ತಾಳೆ,” ಎಂದ ಪುಟ್ಟಯ್ಯ.

“ಮಲಗಿರೋ ಕೂಸಿಗೆ ಏನು ಕಾಣುತ್ತೆ? ಎಬ್ಬಿಸ್ಬೇಡಿ ಪಾಪ. ನಾನು ನೋಡ್ತೀನಿ.”

“ಅಮ್ಮ, ಕೂತ್ಕೋ,” ಎಂದ ಪರಮೇಶ್, ನೆಲ ನೋಡುತ್ತಲೇ.

ಅಷ್ಟರಲ್ಲಿ ಬಾಗಿಲು ತೆರೆದು ನರ್ಸು ಹೊರಬಂದಳು. ಕೈಯಲ್ಲಿ ಹಸಿರು ಬಟ್ಟೆಯ ಗಂಟು. ಪರಮೇಶ್ ಕಣ್ಣು ಮುಚ್ಚಿದ, ಇನ್ನೊಂದು ಕೈಯಿಂದ ತಾಯಿಯ ಕಣ್ಣನ್ನೂ ಕನ್ನಡಕ ಸಮೇತ ಮುಚ್ಚಿದ. ಜಲಜಮ್ಮ ಗೋಡೆಗೆ ಮುಖ ತಿರುಗಿಸಿ ನಿಂತಳು.

“ಇದೇನ್ರಿ ಮನೆತನ ನಿಮ್ದು,” ಎಂದಳು ನರ್ಸು. “ಎರಡಕ್ಕೆ ನನ್ನ ಡ್ಯೂಟಿ ಮುಗಿಯುತ್ತೆ. ಬೆಳಿಗ್ಗೆಯಿಂದ ಮಗು ಹಿಡ್ಕೊಂಡು ಕೂತಿದೀನಿ, ನೋಡೋರೇ ಇಲ್ಲ. ಯಾರಿಗೆ ಕೊಡ್ಲಿ?”

“ಐದು ನಿಮಿಷ ಸಿಸ್ಟರ್. ಮಗು ಏಳ್ಬೇಕು,” ಎಂದ ಪುಟ್ಟಯ್ಯ.

“ಮಗು ಎದ್ದೇ ಇದೆ.”

“ಈ ಮಗು ಅಲ್ಲ, ಆ ಮಗು.”

ಡ್ಯೂಟಿ ಮುಗಿಯುವ ಹೊತ್ತಿನಲ್ಲಿ ಮನುಷ್ಯರನ್ನು ತಡೆಯಬಾರದೆಂದು ಪುಟ್ಟಯ್ಯನಿಗೆ ಗೊತ್ತಿತ್ತು. ಸೈರನ್ ಆದ ಮೇಲೆ ಅವನೇ ಒಂದು ನಿಮಿಷ ನಿಂತವನಲ್ಲ. ಇಂಪನಾಳನ್ನು ಜಲಜಮ್ಮನ ಹೆಗಲಿಗೆ ದಾಟಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕೈ ಮುಂದೆ ಚಾಚಿದ.

“ಯಜಮಾನ್ರೇ, ಕಣ್ಣು ಮುಚ್ಕೊಂಡು ಯಾರಾದ್ರೂ ಮಗು ಇಸ್ಕೊಳ್ತಾರಾ? ಬೀಳಿಸಿದ್ರೆ?”

ಅದೂ ಸರಿ ಅನ್ನಿಸಿತು. ಕಣ್ಣು ತೆರೆದು ಎದುರಿನ ಗೋಡೆಯ ಮೇಲಿದ್ದ ಲಸಿಕೆಯ ಪಟ್ಟಿಯನ್ನು ಓದತೊಡಗಿದ. ಬಿಸಿಜಿ. ಪೋಲಿಯೋ. ಕೈಗೆ ತೂಕ ಬಂತು.

ತೂಕ ಬಂದ ತಕ್ಷಣ ಅವನ ಕತ್ತು ಬಾಗಿತು. ಮೂವತ್ತನಾಲ್ಕು ವರ್ಷ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತವನು ಅವನು. ಕೊಕ್ಕೆಗೆ ಭಾರ ಬಿದ್ದೊಡನೆ ಕೆಳಗೆ ನೋಡಬೇಕು, ಸರಪಳಿ ಸರಿ ಕೂತಿದೆಯಾ, ಯಾವ ಕಡೆ ವಾಲುತ್ತಿದೆ. ನೋಡದೆ ಒಂದು ಅಡಿಯೂ ಎತ್ತಿದವನಲ್ಲ. ಅಭ್ಯಾಸಕ್ಕೆ ಅವನನ್ನು ಕೇಳಿ ಆಗಬೇಕಾದ್ದೇನೂ ಇರಲಿಲ್ಲ. ಹಸಿರು ಬಟ್ಟೆ ಸರಿಯಾಗಿ ಸುತ್ತಿದೆಯಾ ಎಂದು ನೋಡಿದ, ಕತ್ತಿನ ಕೆಳಗೆ ಆಸರೆ ಇದೆಯಾ ಎಂದು ನೋಡಿದ, ಆಮೇಲೆ ಮುಖ ನೋಡಿದ.

ಕೂಸು ಎಚ್ಚರವಾಗಿತ್ತು. ಒಂದು ಕಣ್ಣು ಪೂರ್ತಿ, ಇನ್ನೊಂದು ಅರ್ಧ. ಹಣೆಯ ಮೇಲೆ ಗೆರೆಗಳಿದ್ದವು, ಬಹಳ ದಿನ ಕೆಲಸ ಮಾಡಿ ಬಂದವರ ಹಾಗೆ. ತನ್ನ ಎರಡು ಮಕ್ಕಳು ಹುಟ್ಟಿದಾಗಲೂ ಪುಟ್ಟಯ್ಯ ಡ್ಯೂಟಿಯಲ್ಲಿದ್ದ. ಇಷ್ಟು ಹೊಸದನ್ನು ಅವನು ಈವರೆಗೆ ನೋಡಿರಲಿಲ್ಲ. ತಕ್ಷಣ ತಲೆ ಎತ್ತಬೇಕಿತ್ತು. ಎತ್ತಲಿಲ್ಲ. ಸುತ್ತ ಎಲ್ಲರ ಕಣ್ಣೂ ಮುಚ್ಚಿದ್ದವು.

ನರ್ಸು ವಾಚು ನೋಡಿಕೊಂಡು ಮೆಟ್ಟಿಲಿಳಿದು ಹೋದಳು.

ಅವಳ ಚಪ್ಪಲಿಯ ಸದ್ದಿಗೋ ಏನೋ, ಕಂಡಕ್ಟರ್ ಊದಿದ ಸೀಟಿಗೂ ಏಳದ ಇಂಪನಾ ಅಜ್ಜಿಯ ಹೆಗಲ ಮೇಲೆ ಕಣ್ಣುಬಿಟ್ಟಳು. ಜಲಜಮ್ಮ ಅವಳನ್ನು ಕೆಳಗಿಳಿಸಿದಳು. ಪುಟ್ಟಯ್ಯ ನೆಲದ ಮೇಲೆ ಕೂತು ಗಂಟನ್ನು ಅವಳ ಎತ್ತರಕ್ಕೆ ಹಿಡಿದ. ಅವಳು ಬಗ್ಗಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ, ಬಹಳ ಹೊತ್ತು ನೋಡಿದಳು.

“ಬೈತಿದೆ,” ಎಂದಳು.

“ನೋಡಿದ್ಲಾ?” ಎಂದು ಪರಮೇಶ್ ಕಣ್ಣುಮುಚ್ಚಿಯೇ ಕೇಳಿದ. “ಕೈ ತೆಗೀಲಾ?”

“ತೆಗಿ.”

ದುರ್ಗಮ್ಮ ಕನ್ನಡಕ ಒರೆಸಿಕೊಂಡು ಧಾವಿಸಿದಳು. ಗಂಡು ಎಂದು ಗೊತ್ತಾಯಿತು. ಜಲಜಮ್ಮ ಕೂಸಿನ ಕಿವಿ ನೋಡಿ ನಮ್ಮ ಕಡೆಯದು ಎಂದಳು. ಗದ್ದಲ ಕೇಳಿ ಒಳಗಿನಿಂದ ಮೈತ್ರಿ ಕರೆದಳು. ಎಲ್ಲರೂ ವಾರ್ಡಿಗೆ ನುಗ್ಗಿದರು. ಅವಳು ದಿಂಬಿಗೆ ಒರಗಿದ್ದಳು. ತುಟಿ ಒಣಗಿತ್ತು, ಕಣ್ಣು ಮಾತ್ರ ಚುರುಕಾಗಿತ್ತು.

“ಯಾರು ಮೊದ್ಲು ನೋಡಿದ್ದು?”

“ನಿನ್ನ ಮಗಳೇ ಮಾರಾಯ್ತಿ,” ಎಂದಳು ದುರ್ಗಮ್ಮ. “ನಿನ್ನ ಗಂಡ ನನ್ನ ಕಣ್ಣು ಕಿತ್ತು ಬರೋ ಹಂಗೆ ಅಮುಕಿದಾನೆ. ಇನ್ನು ಈ ಹುಡುಗಂಗೂ ಎರಡು ಗಂಟೆ ನಿದ್ದೆ, ಮೂರು ಗಂಟೆ ರಂಪ.”

ಮೈತ್ರಿ ನಕ್ಕಳು. ಹೊಲಿಗೆ ನೋವಿಗೆ ಅರ್ಧಕ್ಕೇ ನಿಲ್ಲಿಸಿದಳು. ಪುಟ್ಟಯ್ಯ ಬಾಗಿಲ ಬಳಿ ನಿಂತಿದ್ದ. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಅವನು ನೋಡಿದ್ದನ್ನು ಕಂಡಿದ್ದ ನರ್ಸು ಈ ಹೊತ್ತಿಗೆ ಸಿಟಿ ಬಸ್ಸು ಹತ್ತಿರಬೇಕು.

“ನಾನು,” ಎಂದ.

ಎಲ್ಲರೂ ತಿರುಗಿದರು.

“ನಾನು ನೋಡ್ಬಿಟ್ಟೆ. ಇವಳಿಗಿಂತ ಮೊದ್ಲು. ಕೈಗೆ ಬಂತು, ನೋಡ್ಬಿಟ್ಟೆ.”

ದುರ್ಗಮ್ಮ ಬಾಯಿ ತೆರೆದಳು. ಪರಮೇಶ್ ಅವಳ ಸೆರಗು ಎಳೆದ. ಮೈತ್ರಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

“ಎಷ್ಟು ಹೊತ್ತು ನೋಡ್ದೆ?”

ಪುಟ್ಟಯ್ಯ ಯೋಚಿಸಿದ. “ಸುಮಾರು ಹೊತ್ತು.”

 ಮೈತ್ರಿ ಸ್ವಲ್ಪ ಸರಿದು ಮಂಚದ ಅಂಚಿನಲ್ಲಿ ಜಾಗ ಮಾಡಿದಳು. ಇಂಪನಾ ಅಲ್ಲಿಗೆ ಹತ್ತಿ, ಚಪ್ಪಲಿ ಹಾಕಿಕೊಂಡೇ, ಅಮ್ಮನ ಪಕ್ಕದಲ್ಲಿ ಮಲಗಿ ಮತ್ತೆ ಕಣ್ಣು ಮುಚ್ಚಿದಳು.

1976ರಲ್ಲಿ ಕೊಟ್ಟ ಮಾತನ್ನು ಪುಟ್ಟಯ್ಯ ಉಳಿಸಿಕೊಳ್ಳಲಿಲ್ಲ.