ಬೈಗುಳದ ಲೆಕ್ಕ

ಮನಶ್ಶಾಸ್ತ್ರ ಓದಲು ಹೋದ ನನಗೆ ಸಂಖ್ಯಾಶಾಸ್ತ್ರ ಗಂಟುಬಿದ್ದಿತ್ತು. ಮನಸ್ಸನ್ನು ತಿಳಿಯುವುದಕ್ಕೆ ಈ ಹಾಳು ಲೆಕ್ಕಗಳೇಕೆ ಎಂದು ಗೊಣಗಿ ಗೊಣಗಿಯೇ ಒಮ್ಮೆ ನಪಾಸಾದೆ. ಎರಡನೇ ಸಲ ಓದುವಾಗ ಒಂದು ಪುಟದಲ್ಲಿ ಅಪ್ಪನೇ ಸಿಕ್ಕಿಬಿದ್ದ.

ಆ ಪುಟ ಹೇಳಿದ್ದು ಇಷ್ಟು: ತೀರಾ ಕೆಟ್ಟ ಫಲಿತಾಂಶದ ನಂತರದ್ದು ಸಾಮಾನ್ಯವಾಗಿ ಅಷ್ಟು ಕೆಟ್ಟದಾಗಿರುವುದಿಲ್ಲ. ತೀರಾ ಒಳ್ಳೆಯದರ ನಂತರದ್ದು ಅಷ್ಟು ಒಳ್ಳೆಯದಾಗಿರುವುದಿಲ್ಲ. ಯಾರು ಬೈದರೂ ಹೊಗಳಿದರೂ ಅಂಕಿಗಳು ಸರಾಸರಿಯ ಕಡೆಗೇ ವಾಲುತ್ತವೆ.

ಅಪ್ಪ ಈಜು ಕಲಿಸುವವನು. ತಂಗಿ ಕೆಟ್ಟದಾಗಿ ಈಜಿದ ದಿನ ಕೊಳದ ಅಂಚಿನಲ್ಲೇ, ಎಲ್ಲರೆದುರು ಅವಳ ಮಾನ ಹರಾಜು ಹಾಕುತ್ತಿದ್ದ. ಮರುದಿನ ಅವಳು ಸುಧಾರಿಸುತ್ತಿದ್ದಳು. ಹೊಗಳಿದ ಮರುದಿನ ಹಿಂದೆ ಬೀಳುತ್ತಿದ್ದಳು. ಹಾಗಾಗಿ ಹೊಗಳುವುದನ್ನೇ ಬಿಟ್ಟಿದ್ದ. ಇನ್ನೊಂದು ಸಲ ಹಾಗೆ ಬೈಸಿಕೊಂಡರೆ ನೀರಿಗೆ ಇಳಿಯುವುದೇ ಇಲ್ಲ ಎಂದು ತಂಗಿ ಒಂದು ರಾತ್ರಿ ನನ್ನ ಹಾಸಿಗೆಯ ಮೇಲೆ ಕೂತು ಹೇಳಿದಳು. ಅವಳಿಗೆ ನೀರೆಂದರೆ ಪ್ರಾಣ.

ಪುಸ್ತಕ ಹಿಡಿದು ಅಪ್ಪನ ಹತ್ತಿರ ಹೋಗಿ, ಬೈಯದಿದ್ದರೂ ಅವಳು ಮರುದಿನ ಸುಧಾರಿಸುತ್ತಾಳೆ ಎಂದೆ. ನಪಾಸಾದವಳ ಪಾಠ ತನಗೆ ಬೇಡವೆಂದ. ನಾನು ಪಟ್ಟು ಬಿಡಲಿಲ್ಲ. ಮುಂದಿನ ಸಲ ಅವಳು ಎಷ್ಟೇ ಕೆಟ್ಟದಾಗಿ ಈಜಿದರೂ ತುಟಿ ಬಿಚ್ಚುವುದಿಲ್ಲ ಎಂದು ಕಡೆಗೆ ಒಪ್ಪಿದ.

"ಆದ್ರೆ ಮಾರನೇ ದಿನಾನೂ ಹಾಗೇ ಈಜಿದ್ರೆ, ಆಮೇಲೆ ನೀನು ನನ್ನ ಕೆಲಸದಲ್ಲಿ ತಲೆ ಹಾಕ್ಬಾರ್ದು."

ಆಗಲಿ ಎಂದ ಮೇಲೆ ನನ್ನ ತಪ್ಪು ಹೊಳೆಯಿತು. ಪುಸ್ತಕ ಹೇಳುವುದು ನೂರಾರು ಸಲದ ಮಾತು. ನಾನು ತಂಗಿಯನ್ನು ಒಂದೇ ಸಲಕ್ಕೆ ಪಣವಿಟ್ಟಿದ್ದೆ.

ಸೋಮವಾರ ಅವಳು ಎಂದೂ ಇಲ್ಲದಷ್ಟು ಕೆಟ್ಟದಾಗಿ ಈಜಿದಳು. ಅಪ್ಪ ನನ್ನನ್ನು ದುರುಗುಟ್ಟಿ ನೋಡಿ, ಸ್ಟಾಪ್‌ವಾಚನ್ನು ಜೇಬಿಗೆ ತುರುಕಿ ಹೊರಟುಹೋದ. ಬೈಗುಳಕ್ಕೆಂದು ತಲೆ ತಗ್ಗಿಸಿ ನಿಂತಿದ್ದ ತಂಗಿ ಎಷ್ಟೋ ಹೊತ್ತು ಹಾಗೆಯೇ ನೀರಿನಲ್ಲಿ ನಿಂತಿದ್ದಳು.

ಮಾರನೇ ದಿನ ಅಪ್ಪ ಸೀಟಿ ಊದಿದ. ತಿರುವಿನಲ್ಲಿ ಅವಳು ಗೋಡೆ ಒದೆಯುವುದು ತಡವಾಯಿತು. ಕಥೆ ಮುಗಿಯಿತು ಎಂದುಕೊಂಡೆ. ಬಾಯಿ ತೆರೆದಿದ್ದ ಅಪ್ಪ ಕಷ್ಟಪಟ್ಟು ಮುಚ್ಚಿಕೊಂಡ. ಅವಳು ಅಂಚು ಮುಟ್ಟಿದಳು. ಅಪ್ಪ ವಾಚನ್ನು ನೋಡಿದ, ಮತ್ತೆ ನೋಡಿದ, ಆಮೇಲೆ ನನ್ನ ಮುಂದೆ ಹಿಡಿದ. ನಿನ್ನೆಗಿಂತ ಎಷ್ಟೋ ವಾಸಿ. ಅವಳ ಎಂದಿನ ವೇಗ.

ಅಪ್ಪ ಒದ್ದೆ ಬೆಂಚಿನ ಮೇಲೆ ಕುಸಿದು ಕೂತ.

"ಹಾಗಾದ್ರೆ ಇಷ್ಟು ವರ್ಷ ಬೈದಿದ್ದೆಲ್ಲ ಸುಮ್ನೇನಾ?"

ಒಂದು ಸಲ ಈಜಿದ್ದರಿಂದ ಏನೂ ಸಾಬೀತಾಗುವುದಿಲ್ಲ ಎಂಬುದು ಅದಕ್ಕೆ ಸರಿಯಾದ ಉತ್ತರ. ಪರೀಕ್ಷೆಯಲ್ಲಿ ಹಾಗೆಯೇ ಬರೆದು ಪಾಸಾದೆ. ಅಪ್ಪನಿಗೆ ಮಾತ್ರ ಇವತ್ತಿಗೂ ಹೇಳಿಲ್ಲ.