ಬಾನೆಟ್ ತಣ್ಣಗಾಗುವವರೆಗೆ

ಶನಿವಾರ ಬೆಳಿಗ್ಗೆ ಡೆಲ್ಮರ್ ಗ್ಯಾರೇಜಿನ ಬಾಗಿಲೆತ್ತಿ, ಎಪ್ಪತ್ತರ ಇಸವಿಯ ತನ್ನ ನೇರಳೆ ಚಾಲೆಂಜರ್ ಕಾರು ಶುರು ಮಾಡಿದ್ದೇ ತಡ, ಪಕ್ಕದ ಮನೆಯ ಗ್ಲೆನ್ ಬೇಲಿಯಾಚೆಯಿಂದ ಕೂಗಿದ.

"ಇವತ್ತು ಯಾರಪ್ಪಾ ಬಕರಾ?"

"ಟೊಲೀಡೋದಿಂದ ಯಾರೋ ಹೆಂಗಸು."

"ಪಾಪ, ಅಷ್ಟು ದೂರದಿಂದ! ಮಾರೋದಾದ್ರೆ ಮಾರು, ಇಲ್ದಿದ್ರೆ ಜಾಹೀರಾತು ತೆಗಿ ಮಾರಾಯ."

"ನಿನ್ನ ಹುಲ್ಲು ನೀನು ಕತ್ತರಿಸ್ಕೋ ಹೋಗೋ."

ಹಳೇ ಕಾರು ಕೊಳ್ಳಲು ಬರುವವರು ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡುತ್ತಾರೆ. ತಣ್ಣಗಿರಬೇಕು. ಬಿಸಿಯಿತ್ತೋ, ತಣ್ಣಗಿದ್ದಾಗ ಈ ಎಂಜಿನ್ ಏಳುವುದಿಲ್ಲ, ಮಾಲೀಕ ಮುಚ್ಚಿಡುತ್ತಿದ್ದಾನೆ ಎಂದೇ ಲೆಕ್ಕ. ಡೆಲ್ಮರ್ ಗೊತ್ತಿದ್ದೇ ಕಾಯಿಸುತ್ತಿದ್ದ. ಬಂದವರು ಮರ್ಯಾದೆಗೆಂದು ಒಂದಷ್ಟು ಹೊತ್ತು ಮಾತಾಡಿ, ಕಾಫಿ ಕುಡಿದು, ಯೋಚಿಸಿ ಹೇಳ್ತೀವಿ ಎಂದು ಹೋಗುತ್ತಿದ್ದರು. ಹೆಂಡತಿ ಲೊರೇನ್ ಸತ್ತ ಮೇಲೆ ಆ ಮನೆಗೆ ಮನುಷ್ಯರು ಬರುತ್ತಿದ್ದದ್ದು ಈ ಜಾಹೀರಾತಿನಿಂದಲೇ. ಕಾರು ಹೋದರೆ ಅದೂ ಹೋಯಿತು.

ಟೊಲೀಡೋದ ಆ ಹೆಂಗಸು ಟ್ರೂಡಿಯನ್ನು ಅವಳ ತಂಗಿ ತನ್ನ ಕಾರಿನಲ್ಲಿ ತಂದು ಬಿಟ್ಟುಹೋದಳು. ನಡುವಯಸ್ಸಿನ ಗಟ್ಟಿಮುಟ್ಟು ಹೆಂಗಸು. ಬಂದವಳೇ ಬಾನೆಟ್ ಮುಟ್ಟಿ ನಕ್ಕಳು.

"ಕಾಯಿಸಿಟ್ಟಿದ್ದೀರಲ್ಲಾ ಯಜಮಾನ್ರೇ!"

"ಹಾಲು ತರೋಕೆ ಹೋಗಿದ್ದೆನಮ್ಮಾ." ಎಲ್ಲರಿಗೂ ಹೇಳುತ್ತಿದ್ದ ಸುಳ್ಳು.

"ಪರವಾಗಿಲ್ಲ. ತಣ್ಣಗಾಗ್ಲಿ, ಕಾಯ್ತೀನಿ."

ಡೆಲ್ಮರ್ ಕಕ್ಕಾಬಿಕ್ಕಿಯಾದ. ಹಾಗೆ ಯಾರೂ ಅಂದಿರಲಿಲ್ಲ. "ಸಂಜೆಯಾಗಬಹುದು."

"ಆಗ್ಲಿ ಬಿಡಿ. ಮನೇಲಿ ನನಗೋಸ್ಕರ ಕಾಯೋದು ಬೆಕ್ಕೊಂದೇ."

ಗ್ಯಾರೇಜಿನ ಬಾಗಿಲಲ್ಲಿ ಎರಡು ಕುರ್ಚಿ ಹಾಕಿದ. ಚೀಸ್ ಹಾಕಿ ಬ್ರೆಡ್ ಸುಟ್ಟ, ಟೊಮೆಟೊ ಸೂಪ್ ಕಾಯಿಸಿದ. ಇಸ್ಪೀಟು ತಂದ.

"ಸೀಟು ಹೊಲಿದದ್ದು ಯಾರು?"

"ನನ್ನ ಹೆಂಡತಿ. ತುಕ್ಕು ಹಿಡಿದ ಡಬ್ಬ ಆಗಿತ್ತು ಇದು, ಇಬ್ರೂ ಸೇರಿ ಕಾರು ಮಾಡಿದ್ವಿ. ಹಿಂದಿನ ಸೀಟಲ್ಲಿ ಒಂದು ಹೊಲಿಗೆ ಸೊಟ್ಟ. ಬಿಚ್ಚೇ ಅಂದ್ರೆ, 'ನೀನೇನು ಹಿಂದೆ ಕೂರ್ತೀಯಾ?' ಅಂತ ಬೈದಳು."

ಟ್ರೂಡಿ ಹೊಟ್ಟೆ ಹಿಡಿದು ನಕ್ಕಳು. ಡೆಲ್ಮರನಿಗೂ ನಗು ತಡೆಯಲಾಗಲಿಲ್ಲ. ಎಷ್ಟು ಕಾಲವಾಗಿತ್ತೋ, ಎದೆ ಹಗುರಾಯಿತು. ನಡುನಡುವೆ ಎದ್ದು ಬಾನೆಟ್ ಮುಟ್ಟಿ ಬರುತ್ತಿದ್ದ. "ಇನ್ನೂ ಬಿಸಿ," ಎನ್ನುತ್ತಿದ್ದ. ಅದು ತಣ್ಣಗಾದ ಮೇಲೂ ಹಾಗೇ ಅಂದ.

ಕೊನೆಗೆ ಟ್ರೂಡಿ ತಾನೇ ಎದ್ದು ಹೋಗಿ ಮುಟ್ಟಿದಳು. ಅವನ ಮುಖವನ್ನೊಮ್ಮೆ ನೋಡಿದಳು. ಕೀಲಿ ಇಸಿದುಕೊಂಡು ತಿರುಗಿಸಿದಳು. ಎಂಜಿನ್ ಒಂದೇ ಸಲಕ್ಕೆ ಎದ್ದು ಗ್ಯಾರೇಜೆಲ್ಲ ಗುಡುಗಿತು. ಹಾಳಾದ್ದು, ಇವತ್ತಾದರೂ ಕೆಮ್ಮಬಾರದಿತ್ತೇ!

"ಕೇಳಿದ ಬೆಲೆಗೇ ತಗೋತೀನಿ," ಎಂದಳು. "ಕೊಡ್ತೀರಲ್ಲಾ?"

ಡೆಲ್ಮರ್ ಹೂಂ ಎಂದು ತಲೆಯಾಡಿಸಿದ. ಇಡೀ ದಿನ ತನ್ನೊಂದಿಗೆ ಕೂತವಳಿಗೆ ಇಲ್ಲ ಎನ್ನುವುದು ಹೇಗೆ?

"ಹಿಂದಿನ ಹೊಲಿಗೆ ಬಿಚ್ಚಿಸಬೇಡಮ್ಮಾ," ಎಂದ.

"ಛೇ, ಯಾರು ಬಿಚ್ಚಿಸ್ತಾರೆ?"

ಮುಂದಿನ ಶನಿವಾರವೂ ಡೆಲ್ಮರ್ ಅದೇ ಹೊತ್ತಿಗೆ ಗ್ಯಾರೇಜಿನ ಬಾಗಿಲೆತ್ತಿದ. ಬೇಲಿಯಾಚೆ ಗ್ಲೆನ್ ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ ಇತ್ತ ನೋಡಿದ. ಒಳಗೆ ಖಾಲಿ ನೆಲದ ಮೇಲೆ, ಕಾರಿನ ಕೆಳಗೆ ಹಾಸಿದ್ದ ರಟ್ಟು ಎಣ್ಣೆಯ ಕಲೆಯೊಂದಿಗೆ ಹಾಗೇ ಬಿದ್ದಿತ್ತು. ಡೆಲ್ಮರ್ ಬಗ್ಗಿ ಅದರ ಮೇಲೆ ಅಂಗೈಯಿಟ್ಟ. ತಣ್ಣಗಿತ್ತು.