ಸಾಕು ಅನ್ನುವವರೆಗೆ

೧
ಸಮುದ್ರದಿಂದ ಶುರು ಮಾಡಲೇ? ಬೇಡ. ಸಮುದ್ರ ಕಂಡ ಕೂಡಲೇ ಕಥೆಗಾರರಿಗೆ ತತ್ವಜ್ಞಾನ ಬಂದುಬಿಡುತ್ತದೆ. ನನಗಂತೂ ಶೀತ ಬಂದ ಹಾಗೆ, ತಡೆಯಲಾಗುವುದಿಲ್ಲ. ಸೌಟಿನಿಂದಲೇ ಶುರು ಮಾಡೋಣ. ಕಡಲಂಚಿನ ಆ ಹಳೆಯ ಮೀನಿನ ಹೋಟೆಲಿನಲ್ಲಿ ಮೊದಲಿನಿಂದಲೂ ಒಂದೇ ಕಾನೂನು: ಗಿರಾಕಿ ಬಾಯಿಬಿಟ್ಟು ‘ಸಾಕು’ ಅನ್ನುವವರೆಗೂ ಸಾರು ಬೀಳುತ್ತಿರಬೇಕು. ಕೈ ಅಡ್ಡ ಹಿಡಿದರೆ ಕೈಮೇಲೇ ಬೀಳುತ್ತದೆ. ಬಡಿಸುವವನು ಯಜಮಾನನೇ. ಎಲ್ಲರ ಬಾಯಲ್ಲೂ ಅವನು ಸೌಟಪ್ಪ.

೨
ಕಿಟಕಿ ಪಕ್ಕದ ಮೇಜಿಗೆ ಒಬ್ಬಳು ಬಂದು ಕೂತಳು. ಸೌಟಪ್ಪನ ಸಾಕುಮಗಳು. (ಇದನ್ನು ಕೊನೆಯವರೆಗೆ ಮುಚ್ಚಿಟ್ಟು ನಿಮಗೊಂದು ಟ್ವಿಸ್ಟ್ ಕೊಡಬಹುದಿತ್ತು. ಮೊದಲ ಡ್ರಾಫ್ಟಿನಲ್ಲಿ ಕೊಟ್ಟೂ ಇದ್ದೆ. ಹಸಿದು ಕೂತವಳ ಮುಂದೆ ಆ ಆಟ ಚೆನ್ನಾಗಿರುವುದಿಲ್ಲ ಅಂತ ಹರಿದೆ.) ಇದೇ ಮೇಜಿನ ಕೆಳಗೆ ಅಂಬೆಗಾಲಿಟ್ಟವಳು, ಇಲ್ಲೇ ಮುಳ್ಳು ಬಿಡಿಸಲು ಕಲಿತವಳು. ಹೋಟೆಲು ನೀನೇ ನೋಡಿಕೋ ಅಂತ ಅವನು ಹೇಳಿದಾಗ ಜಗಳವಾಡಿ, ಹೊಸ್ತಿಲಲ್ಲಿ ತಿರುಗಿ ನಿಂತು, “ನೀನು ಸಾಕಿದ್ದು ಸಾಕು!” ಎಂದು ಹೋದವಳು. ಪ್ರಾಸ ಸಿಕ್ಕ ಜೋರಿನಲ್ಲಿ ಬಂದ ಮಾತು. ಬಸ್ಸು ಹತ್ತುವಷ್ಟರಲ್ಲಿ ಬಾಯಿ ಕಹಿಯಾಗಿತ್ತು.

ಈಗ ಅವಳಿಗೆ ಬೇಕಾದದ್ದು ಒಂದೇ, ಆ ಮಾತನ್ನು ವಾಪಸ್ ತೆಗೆದುಕೊಳ್ಳುವುದು. ಹೇಗೆ ಅಂತ ಅವಳಿಗೂ ಗೊತ್ತಿಲ್ಲ, ಬರೆಯುತ್ತಿರುವ ನನಗೂ ಗೊತ್ತಿಲ್ಲ.

೩
“ಏನ್ ಕೊಡ್ಲಿ ಮೇಡಂ?”

ಆ ‘ಮೇಡಂ’ ಮುಳ್ಳಿನ ಹಾಗೆ ಗಂಟಲಿಗೆ ಸಿಕ್ಕಿಕೊಂಡಿತು. (ಮೀನಿನ ಕಥೆಯಲ್ಲಿ ಮುಳ್ಳಿನ ಹೋಲಿಕೆ! ಬೈಯಬೇಡಿ, ಬೇರೆ ಹೊಳೆಯಲಿಲ್ಲ.)

“ಅಪ್ಪಾ, ನಾನು...”

“ಗುರ್ತು ಸಿಕ್ತಮ್ಮ. ಕಣ್ಣು ಮಂಜಾಗಿದೆ, ಕುರುಡಾಗಿಲ್ಲ. ಊಟ ಏನು ಹೇಳು.”

“ಅನ್ನ, ಸಾರು.”

“ನಿನ್ ಪೇಟೇಲಿ ಸಾರು ಸಿಗಲ್ವಾ?”

“ಸಿಗುತ್ತೆ. ‘ಸಾಕಾ’ ಅಂತ ಕೇಳೋರಿಲ್ಲ.”

೫
(ನಾಲ್ಕನ್ನು ಕಿತ್ತು ಹಾಕಿದೆ. ಅಲ್ಲಿ ಇಬ್ಬರೂ ತಬ್ಬಿಕೊಂಡು ಅತ್ತಿದ್ದರು. ಸೌಟಪ್ಪನೇ ರೇಗಿದ: “ಏನಯ್ಯಾ ಬರೆಯೋನೇ, ಕೈಯೆಲ್ಲಾ ಮಸಾಲೆ, ಅವಳ ಬಟ್ಟೆ ನಿಮ್ಮಪ್ಪ ಒಗೀತಾನಾ?” ಇನ್ನೊಂದು ಡ್ರಾಫ್ಟಿನಲ್ಲಿ ಅವಳು ಬರುವಷ್ಟರಲ್ಲಿ ಸೌಟು ಬೇರೆಯವರ ಕೈಗೆ ಹೋಗಿತ್ತು, ಗೋಡೆಯ ಮೇಲೊಂದು ಫೋಟೋ ಬಂದಿತ್ತು. ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು: “ಅದೊಂದು ಬೇಡ ಸಾರ್. ಕೈಮುಗೀತೀನಿ.” ಅಳಿಸಿದೆ.)

೬
ಒಂದು ಸೌಟು ಬಿತ್ತು.

“ಸಾಕಾ?”

ಅವಳು ತುಟಿ ಬಿಚ್ಚಲಿಲ್ಲ. ಇನ್ನೊಂದು ಬಿತ್ತು, ಅನ್ನ ಮುಳುಗಿತು.

“ತಟ್ಟೆ ತುಂಬ್ತು ಕಣೇ. ಸಾಕು ಅನ್ನು.”

“ಆ ಮಾತು ಒಂದ್ಸಲ ಅಂದಿದ್ದೇ ಜಾಸ್ತಿ ಆಯ್ತಪ್ಪಾ.”

ಸೌಟು ಗಾಳಿಯಲ್ಲೇ ನಿಂತಿತು.

“ಹಂಗಾದ್ರೆ ನಾನೂ ನಿಲ್ಸಲ್ಲ. ಕಾನೂನು ಅಂದ್ರೆ ಕಾನೂನು.”

ಸಾರು ಅಂಚು ದಾಟಿ ಮೇಜಿನ ಮೇಲೆ ಹರಿಯಿತು. ಅಕ್ಕಪಕ್ಕದವರು ತುತ್ತು ಬಿಟ್ಟು ನೋಡಿದರು. ಮುನಿಸಿನಿಂದ ಸುರಿಯುತ್ತಿದ್ದಾನೋ, ಮಮತೆಯಿಂದಲೋ, ನಾನು ಕೂತಲ್ಲಿಂದ ಮುಖ ಕಾಣುತ್ತಿಲ್ಲ. ಅವಳಿಗೆ ಕಾಣುತ್ತಿರಬಹುದು, ಕೇಳಿದರೆ ಹೇಳುತ್ತಿಲ್ಲ.

ಎಡಿಟರ್ ಫೋನ್ ಮಾಡಿ, ಜಾಗ ಮುಗಿಯಿತು, ಇನ್ನು ಸಾಕು ಅನ್ನಿ ಎನ್ನುತ್ತಿದ್ದಾರೆ. ಅವಳೇ ಅನ್ನದಿರುವಾಗ ನಾನು ಯಾವ ಬಾಯಿಂದ ಅನ್ನಲಿ?

ಸೌಟು ಮತ್ತೆ ಪಾತ್ರೆಗೆ ಇಳಿದಿದೆ.